ರೂಬೆನ್ ಪೊಯ್ನಾಡ್ಕರರ ಹೊಟ್ಟೆ

ರೂಬೆನ್ ಪೊಯ್ನಾಡ್ಕರರ ಹೊಟ್ಟೆಯಲ್ಲಿ ಯಾವ ದೋಷವೂ ಇರಲಿಲ್ಲ. ಗುಂಡುಕಲ್ಲು ಹಾಕಿದರೂ ಸಂಜೆಯೊಳಗೆ ಅರೆದು ಮುಗಿಸುವಂಥ ಹೊಟ್ಟೆ ಅದು. ಆದರೆ ಮನಾಮಾದ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ, ಅಲ್ಲಿಂದ ಇಗರ್ಜಿಯವರೆಗಿನ ಎರಡು ಬೀದಿಗಳಲ್ಲಿ, ದೂರದ ರಿಫಾದ ಕೆಲವು ಮನೆಗಳಲ್ಲಿ ಸಹ, ಅಷ್ಟು ಕೆಟ್ಟ ಹೊಟ್ಟೆ ಬಹ್ರೇನಿನಲ್ಲೇ ಇನ್ನೊಂದಿಲ್ಲವೆಂದು ಹೆಸರಾಗಿತ್ತು. ಹೆಸರು ಮಾಡಿಕೊಟ್ಟವರು ಎರಡನೇ ಮಹಡಿಯ ಫೆಲ್ಸಿ. ಹೆಸರಿಗೆ ಕಾರಣ, ಒಂದು ಕಾಲಿನ ಬೂಟು.

ಹನ್ನೊಂದು ವರ್ಷದ ಹಿಂದಿನ ಮಾತು. ರೂಬೆನ್ ಹಿದ್‌ನ ಬಂದರಿನ ಹತ್ತಿರ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕಂಟೇನರುಗಳ ಕಾಗದ ನೋಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದರು. ಆವತ್ತು ಹನ್ನೊಂದು ಗಂಟೆ ಕಾಗದ ನೋಡಿ, ಕಂಪನಿ ಬಸ್ಸಿನಲ್ಲಿ ಕುಳಿತಲ್ಲೇ ತೂಕಡಿಸಿ, ಮೂರನೇ ಮಹಡಿಯ ಮನೆಗೆ ಬಂದು ಒಂದು ಬೂಟು ಬಿಚ್ಚಿದ್ದರು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಹೆಂಗಸು ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು.

"ಹ್ಯಾಪಿ ಕ್ರಿಸ್ಮಸ್! ಹೆಸರು ನೋಡಿದೆ ಕೆಳಗೆ, ರೂಬೆನ್ ಅಂತ. ಒಬ್ಬರೇ ಇದ್ದೀರಿ ಅಲ್ವಾ? ಹಂದಿ ಮಾಸ್. ನಮ್ಮ ಅಜ್ಜಿಯ ಮಸಾಲೆ. ಬಿಸಿ ಇದೆ, ಈಗಲೇ ತಿನ್ನಿ."

ನಿಜ ಹೇಳಬಹುದಿತ್ತು. ಆದರೆ ನಿಜಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ರೂಬೆನ್ ಆರನೇ ವಯಸ್ಸಿನಿಂದ ಆ ನಿಜವನ್ನು ಹೇಳುತ್ತಾ ಬಂದವರು. ರೂಬೆನ್ ಅಂದರ ಕ್ರಿಶ್ಚನ್ರೇನು? ಅಲ್ರಿ. ಪೊಯ್ನಾಡ್ಕರ್ ಅಂದರ ಮರಾಠೇರು? ಮನ್ಯಾಗ ಮರಾಠಿ ಮಾತಾಡ್ತೀವ್ರಿ. ಹಂದಿ ತಿನ್ನಂಗಿಲ್ಲ, ಮುಸಲ್ಮಾನ್ರೇನು? ಅಲ್ರಿ, ನಾವು ಯಹೂದ್ಯರು. ಹಂಗಂದರ? ಅಲ್ಲಿಗೆ ಕಥೆ ಶುರು. ಎರಡು ಸಾವಿರ ವರ್ಷದ ಹಿಂದೆ ಕೊಂಕಣದ ದಂಡೆಯಲ್ಲಿ ಒಡೆದ ಹಡಗು, ಎಣ್ಣೆಯ ಗಾಣ, ಶನಿವಾರದ ರಜೆ, ಅಜ್ಜ ಹುಬ್ಬಳ್ಳಿಯ ವರ್ಕ್‌ಶಾಪಿಗೆ ಬಂದದ್ದು, ಊರಲ್ಲಿ ಉಳಿದ ಮೂರು ಮನೆ. ಎಲ್ಲ ಕೇಳಿದ ಮೇಲೆ ಕೇಳಿದವರು ನಿರಾಳವಾಗಿ ಹೇಳುತ್ತಿದ್ದದ್ದು ಒಂದೇ ಮಾತು: "ಹಂಗಂದರ ಒಂಥರಾ ಕ್ರಿಶ್ಚನ್ರ ಅನ್ರಿ."

ಒಂದು ಕಾಲಿನಲ್ಲಿ ಬೂಟು ಇಟ್ಟುಕೊಂಡು ಅಷ್ಟನ್ನೂ ಹೇಳುವುದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ.

"ಡಾಕ್ಟರು ಬ್ಯಾಡ ಅಂದಾರ್ರಿ ಬಾಯಾರ," ಎಂದರು ರೂಬೆನ್. "ಹೊಟ್ಟಿ ಸರಿ ಇಲ್ಲ."

ಏಳು ಸೆಕೆಂಡು ಹಿಡಿಯಿತು. ಏಳು ಸೆಕೆಂಡಿನಲ್ಲಿ ಮುಗಿದ ಕೆಲಸ ಹನ್ನೊಂದು ವರ್ಷ ನಡೆಯಿತು.

ಹೊಟ್ಟೆ ಸರಿ ಇಲ್ಲದ ಒಂಟಿ ಗಂಡಸನ್ನು ಹಾಗೆಯೇ ಬಿಡುವ ಜಾತಿಯವರಲ್ಲ ಫೆಲ್ಸಿ. ಈಸ್ಟರಿಗೆ ಸಿಗಡಿ ತಂದರು. ಸಿಗಡಿಯೂ ರೂಬೆನ್‌ಗೆ ನಿಷಿದ್ಧ. "ಮೈ ತುರಸ್ತದರಿ" ಎಂದರು. ಏಡಿ ತಂದರು, "ಅದಕೂ ತುರಸ್ತದರಿ." ಊರಿಂದ ಐಸ್ ಪೆಟ್ಟಿಗೆಯಲ್ಲಿ ಬಂದ ಮರುವಾಯಿ, ಅಂದರೆ ಚಿಪ್ಪಿನ ಮೀನು, ತಂದರು, ಅಷ್ಟು ಹೊತ್ತಿಗೆ ರೂಬೆನ್‌ಗೆ ಹೊಸ ರೋಗ ಹುಡುಕುವ ಚೈತನ್ಯವೂ ಉಳಿದಿರಲಿಲ್ಲ, ಸುಮ್ಮನೆ ಹೊಟ್ಟೆ ಮುಟ್ಟಿ ತೋರಿಸಿದರು.

"ಅಯ್ಯೋ ದೇವರೇ," ಎಂದರು ಫೆಲ್ಸಿ. "ಮರುವಾಯಿ ಸಹ ಆಗುದಿಲ್ಲ ಅಂದ್ರೆ ಒಳಗೆ ಎಂತ ಉಳಿದಿದೆ ನಿಮಗೆ?"

ಅಂದಿನಿಂದ ಅವರ ರಾತ್ರಿಯ ಜಪಮಾಲೆಯಲ್ಲಿ ರೂಬೆನರ ಹೊಟ್ಟೆಗೆ ಒಂದು ಪಾಲು ಬಿತ್ತು. ಗಂಡ ರಾಫೆಲ್ ಒಂದು ಹೋಟೆಲಿನ ಉಗ್ರಾಣ ನೋಡಿಕೊಳ್ಳುವವರು. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡುವವರಲ್ಲ. ಅವರಿಗೂ ಮಂಡಿಯೂರಿ ಮೇಲಿನ ಮನೆಯವನ ಹೊಟ್ಟೆಗೆ ಆಮೆನ್ ಹೇಳುವ ಕೆಲಸ ಬಂತು. ಮಗಳು ಫ್ಲೆನ್ಸಿ ನರ್ಸ್. ರೂಬೆನರನ್ನು ಮೆಟ್ಟಿಲಲ್ಲಿ ಕಂಡಾಗಲೆಲ್ಲ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು. ಹಂದಿ ತಿನ್ನದ, ಇಗರ್ಜಿಗೆ ಬರದ, ಬೈಬಲ್ಲಿನ ಹೆಸರಿನ ಈ ಮನುಷ್ಯ ಪ್ರಾಟೆಸ್ಟೆಂಟ್ ಎಂದು ಫೆಲ್ಸಿ ತಾವೇ ತೀರ್ಮಾನ ಮಾಡಿದರು. ರೂಬೆನ್ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆಗಲೂ ಬಸ್ಸಿನಿಂದ ಇಳಿದು ಬಂದ ಹೊತ್ತೇ ಆಗಿತ್ತು.

ಹೀಗೆ ಹತ್ತು ವರ್ಷ ಕಳೆದು, ಹೋದ ವರ್ಷದ ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬಂತು.

ಮೊಂತಿ ಎಂದರೆ ಮೇರಿ ಮಾತೆ ಹುಟ್ಟಿದ ದಿನ, ಕರಾವಳಿಯ ಕ್ರೈಸ್ತರಿಗೆ ಹೊಸ ಅಕ್ಕಿಯ ಹಬ್ಬವೂ ಹೌದು. ಎಳೆಯ ಭತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸುತ್ತಾರೆ. ಮನೆಗೆ ತಂದು, ಉಗುರಿನಿಂದ ಕಾಳು ಸುಲಿದು, ಜಜ್ಜಿ, ತೆಂಗಿನ ಹಾಲಿಗೆ ಹಾಕಿ, ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸಣ್ಣ ಲೋಟ. ದೂರದ ಊರಲ್ಲಿರುವವರ ಪಾಲನ್ನು ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡುತ್ತಾರೆ. ಆಮೇಲೆ ಊಟ. ಫೆಲ್ಸಿಯ ಮನೆಯಲ್ಲಿ ಆ ಒಂದು ದಿನ ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ. ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಲ್ಲೇ ಇರಬೇಕು.

"ತರಕಾರಿ ತಾನೇ, ನಿಮ್ಮ ಹೊಟ್ಟೆ ಸಹ ಬೇಡ ಹೇಳಲಿಕ್ಕಿಲ್ಲ. ಬನ್ನಿ," ಎಂದು ಕರೆದಿದ್ದರು ಫೆಲ್ಸಿ. ಊರಿನ ತೆನೆ ವಿಮಾನದಲ್ಲಿ ಯಾರದೋ ಕೈಚೀಲ ಸೇರಿ ಬಂದಿತ್ತು. ಮಗ ಜೆರಿ ಮಸ್ಕತ್ತಿಗೆ ಹೋಗಿ ಕುರ್ಚಿ ಒಂದು ಖಾಲಿ ಬಿದ್ದಿತ್ತು. ಅಲ್ಲಿ ರೂಬೆನರನ್ನು ಕೂರಿಸಿ, ಕೈಗೆ ಲೋಟ ಕೊಡುತ್ತಾ ಫೆಲ್ಸಿ ಅಂದರು, "ನಮ್ಮಲ್ಲಿ ಹೊರಗಿನವರಿಗೆ ಊಟ ಕೊಡ್ತೇವೆ, ತೆನೆ ಕೊಡುದಿಲ್ಲ. ಅದು ಮನೆಯವರಿಗೆ ಮಾತ್ರ. ಆದ್ರೆ ನೀವು ಪ್ರಾಟೆಸ್ಟೆಂಟ್ ಆದ್ರೂ ಯೇಸುವಿನವರೇ ಅಲ್ವಾ? ಕುಡಿಯಿರಿ."

ರೂಬೆನ್ ಕುಡಿದರು. ಎರಡು ಗುಟುಕು. ಹಸಿ ಅಕ್ಕಿಯ ವಾಸನೆ, ತೆಂಗಿನ ಹಾಲು, ಹಲ್ಲಿಗೆ ಸಿಕ್ಕ ಒಂದು ಕಾಳು.

ಹುಬ್ಬಳ್ಳಿಯಲ್ಲಿ ಅವರ ತಾಯಿ, ಸೆಪ್ಟೆಂಬರಿನ ಆಸುಪಾಸು ಬರುವ ಯಹೂದ್ಯರ ಹೊಸ ವರ್ಷದ ಪ್ರಾರ್ಥನೆ ಮುಗಿದ ಮೂರ್ನಾಲ್ಕು ದಿನಕ್ಕೆ ಖೀರಿನ ಹಬ್ಬ ಮಾಡುತ್ತಿದ್ದರು. ಹೊಸ ಅಕ್ಕಿ, ತೆಂಗಿನ ಹಾಲು, ಇದೇ ವಾಸನೆ. ತಾಯಿ ಹೋಗಿ ಇಪ್ಪತ್ತೆರಡು ವರ್ಷ. ಖೀರೂ ಅವರೊಂದಿಗೇ ಹೋಗಿತ್ತು. ಮನಾಮಾದ ಹಳೆಯ ಸೂಕ್ ಹತ್ತಿರದ ಯಹೂದಿ ಪ್ರಾರ್ಥನಾಮಂದಿರಕ್ಕೆ ರೂಬೆನ್ ಹಬ್ಬಕ್ಕೊಮ್ಮೆ ಹೋಗುವುದುಂಟು. ಅಲ್ಲಿಯ ಒಬ್ಬ ಹಿರಿಯರು, ಬಾಗ್ದಾದ್ ಮೂಲದವರು, ಅವರನ್ನು ಪ್ರೀತಿಯಿಂದ ಕೂರಿಸಿ ಖರ್ಜೂರ, ದಾಳಿಂಬೆ ಕೊಡುತ್ತಿದ್ದರು, ಹೊಸ ಅಕ್ಕಿಯ ಖೀರು ಎಂದರೆ ಮಾತ್ರ "ಅದು ಯಾವ ಹಬ್ಬ?" ಎಂದು ಅವರೇ ಕೇಳಿದ್ದರು. ರೂಬೆನ್ ಅವರಿಗೂ ಇಪ್ಪತ್ತು ನಿಮಿಷ ಹೇಳಬೇಕಾಗಿ ಬಂದಿತ್ತು.

ಮೊಂತಿಯ ಮೇಜಿನ ಮುಂದೆ ಲೋಟ ಹಿಡಿದು ಅವರು ಅತ್ತುಬಿಟ್ಟರು. ಆಮೇಲೆ ನಾಚಿಕೆಯಾಗಿ, ಮುಖ ಬಗ್ಗಿಸಿ, ಸುಮ್ಮನೆ ತಿನ್ನತೊಡಗಿದರು. ಹೀರೆಕಾಯಿ, ಹರಿವೆ, ಅಲಸಂಡೆ, ಕೆಸುವಿನ ದಂಟು, ಅಂಬಟೆ. ಬಹ್ರೇನಿಗೆ ಬಂದ ಮೇಲೆ ನೆರೆಯವರ ಎಲೆಯಲ್ಲಿ ಬಿದ್ದದ್ದನ್ನೆಲ್ಲ ಹೆದರದೆ ತಿನ್ನಬಹುದಾದ ಊಟ ಅವರಿಗೆ ಸಿಕ್ಕಿದ್ದು ಅದೇ ಮೊದಲು. ಒಂಬತ್ತೂ ತರಕಾರಿ ಮೂರು ಮೂರು ಸಲ ಬಡಿಸಿಕೊಂಡರು. ಪಾಯಸ ನಾಲ್ಕು ಸಲ.

ಫೆಲ್ಸಿ ಸೌಟು ಹಿಡಿದು ನಿಂತಲ್ಲೇ ನಿಂತಿದ್ದರು. ಹತ್ತು ವರ್ಷದಿಂದ ಒಂದು ಮರುವಾಯಿ ಅರಗಿಸಲಾಗದ ಮನುಷ್ಯ. ಮೇರಿ ಮಾತೆಯ ಹಬ್ಬ. ಕಣ್ಣೀರು. ಹದಿನಾರನೇ ಸೌಟು ಅನ್ನ.

"ರಾಫೆಲ್," ಎಂದರು ಅವರು ಮೆಲ್ಲಗೆ, "ಗುಣ ಆಯ್ತು."

ಮರುದಿನ ಬೆಳಗಿನ ಹೊತ್ತಿಗೆ ಇಡೀ ಕಟ್ಟಡಕ್ಕೆ ಗೊತ್ತಾಯಿತು. ಸಂಜೆಗೆ ಇಗರ್ಜಿಗೆ. ಮೊದಲನೇ ಮಹಡಿಯ ನಂಜುಂಡಸ್ವಾಮಿ, ಮೈಸೂರು ಕಡೆಯ ಇಂಜಿನಿಯರು, ಲಿಫ್ಟಿನಲ್ಲಿ ರೂಬೆನರ ಕೈ ಹಿಡಿದು, "ಸಾರ್, ನನಗೂ ಅಸಿಡಿಟಿ ಇದೆ. ನಾನು ಹಿಂದೂ, ಆ ಹಾಲು ನಮಗೂ ವರ್ಕ್ ಆಗುತ್ತಾ?" ಎಂದು ಕೇಳಿದರು.

ಕಷ್ಟ ಶುರುವಾದದ್ದು ಮುಂದಿನ ಭಾನುವಾರ. ಬಾಗಿಲು ತೆರೆದರೆ ಫೆಲ್ಸಿ. ಕೈಯಲ್ಲಿ ಹತ್ತು ವರ್ಷದ ಹಿಂದಿನ ಅದೇ ಸ್ಟೀಲ್ ಡಬ್ಬಿ.

"ಇನ್ನು ಹೆದರಿಕೆ ಬೇಡ. ಹೊಟ್ಟೆ ಸರಿಯಾಯ್ತಲ್ಲ! ಹಂದಿ ಮಾಸ್. ಎರಡು ಕಿಲೋ ಮಾಡಿದೇನೆ. ಹತ್ತು ವರ್ಷದ್ದು ಬಾಕಿ ಉಂಟು ನಿಮಗೆ."

ಈಗಲಾದರೂ ಹೇಳಬಹುದಿತ್ತು. ಆದರೆ ಈಗ ನಿಜಕ್ಕೆ ಇಪ್ಪತ್ತು ನಿಮಿಷ ಸಾಲದು, ಹತ್ತು ವರ್ಷದ ಸುಳ್ಳಿನ ವಿವರಣೆಯೂ ಸೇರಿ ಒಂದೂವರೆ ಗಂಟೆ. ಅದಕ್ಕಿಂತ ಹೆಚ್ಚಾಗಿ ಲೋಟದ ಯೋಚನೆ. ತೆನೆ ಮನೆಯವರಿಗೆ ಮಾತ್ರ, ಅದೂ ಯೇಸುವಿನವರಿಗೆ. ಯಹೂದಿ ಎಂದು ಗೊತ್ತಾದರೆ ಊಟ ಸಿಕ್ಕೀತು, ಆ ಎರಡು ಗುಟುಕು ಸಿಗಲಿಕ್ಕಿಲ್ಲ. ಮುಂದಿನ ಸೆಪ್ಟೆಂಬರಿನಲ್ಲಿ ಆ ಲೋಟ ಒಂದು ಸಿಕ್ಕಿದರೆ ಸಾಕು, ಬೇರೇನೂ ಬೇಡವಾಗಿತ್ತು ರೂಬೆನ್‌ಗೆ. ಡಬ್ಬಿ ತೆಗೆದುಕೊಂಡರು.

ತೆಗೆದುಕೊಂಡ ಮೇಲೆ ಏನು ಮಾಡುವುದು? ಕಸಕ್ಕೆ ಹಾಕುವಂತಿಲ್ಲ; ಫೆಲ್ಸಿಯ ಅಡುಗೆಯನ್ನು ಕಸಕ್ಕೆ ಹಾಕುವುದು ಯಾವ ಧರ್ಮದಲ್ಲೂ ತಪ್ಪೇ. ಕಾವಲುಗಾರನಿಗೆ ಕೊಡುವಂತಿಲ್ಲ, ಅವನು ಮುಸಲ್ಮಾನ. ನಂಜುಂಡಸ್ವಾಮಿಗೆ ಕೊಡುವಂತಿಲ್ಲ, ಅವರು ಬೆಳ್ಳುಳ್ಳಿ ಕಂಡರೂ ಕಿಟಕಿ ತೆರೆಯುವವರು. ಹಾಗಾಗಿ ರೂಬೆನ್ ಅದನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟರು. ಕ್ರಿಸ್ಮಸ್ಸಿಗೆ ಇನ್ನೆರಡು ಕಿಲೋ ಬಂತು. ಫ್ಲೆನ್ಸಿಯ ಹುಟ್ಟುಹಬ್ಬಕ್ಕೆ ಒಂದು. ಈಸ್ಟರಿಗೆ ಮೂರು. ಜೂನ್ ಹೊತ್ತಿಗೆ ಐಸ್ ಇಡಲು ಜಾಗವಿರಲಿಲ್ಲ. ಪ್ರತಿ ಶನಿವಾರ ಕೆಲಸ ಮುಟ್ಟದೆ ಕೂರುವ ಆ ಯಹೂದಿಯ ಮನೆಯಲ್ಲಿ ಎಂಟು ಕಿಲೋ ಹಂದಿ ಮಾಂಸ ತಾನೂ ಅಲುಗಾಡದೆ ಕೂತಿತ್ತು.

ಇತ್ತ ಫೆಲ್ಸಿ, ಈ ಸಲದ ಮೊಂತಿ ಹಬ್ಬದಂದು ಇಗರ್ಜಿಯ ಸಭಾಂಗಣದಲ್ಲಿ ರೂಬೆನ್ ನಾಲ್ಕು ಮಾತು ಸಾಕ್ಷಿ ಹೇಳಬೇಕೆಂದು ಹಟ ಹಿಡಿದರು. ಫಾದರ್ ಜಾರ್ಜ್ ಎಚ್ಚರಿಕೆಯ ಮನುಷ್ಯ.

"ಪವಾಡ ಅನ್ನುವ ಶಬ್ದ ಬೇಡ ಫೆಲ್ಸಿ. 'ಆರೋಗ್ಯ ಸುಧಾರಿಸಿದೆ' ಅಂತ ಹೇಳುವ. ಪವಾಡಕ್ಕೆ ಕಾಗದ ಬೇಕು."

"ಕಾಗದ ತಾನೇ ಫಾದರ್? ಮಾಡಿಸುವ."

ಫ್ಲೆನ್ಸಿ ರೂಬೆನರನ್ನು ತಾನು ಕೆಲಸ ಮಾಡುವ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಗಂಟಲಿನಿಂದ ಕೊಳವೆ ಇಳಿಸಿ ಪರದೆಯ ಮೇಲೆ ಬಹಳ ಹೊತ್ತು ನೋಡಿದರು.

"ಯಾಕೆ ಬಂದಿದ್ದಾರೆ ಇವರು? ಐವತ್ನಾಲ್ಕು ವರ್ಷದವರಿಗೆ ಇಪ್ಪತ್ತರ ಹೊಟ್ಟೆ. ಇಲ್ಲಿ ಯಾವ ಕಾಲದಲ್ಲೂ ಏನೂ ಆದ ಗುರುತಿಲ್ಲ."

ಗಂಟಲಲ್ಲಿ ಕೊಳವೆ ಇದ್ದುದರಿಂದ ರೂಬೆನ್ ಏನೂ ಹೇಳುವಂತಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಅವರಿಗೆ ಸುಮ್ಮನಿರಲು ಸರಿಯಾದ ಕಾರಣ ಸಿಕ್ಕಿತ್ತು. ಫ್ಲೆನ್ಸಿ ಅಲ್ಲಿಂದಲೇ ಫೋನ್ ಮಾಡಿದಳು.

"ಮಮ್ಮಿ, ಟೋಟಲಿ ನಾರ್ಮಲ್!"

"ಗಾಯದ ಗುರುತು?"

"ಅದು ಸಹ ಇಲ್ಲ."

"ಅದು ಸಹ ಇಲ್ಲ!" ಎಂದು ಫೆಲ್ಸಿ ಕೂಗಿದ್ದು ಫೋನಿನಿಂದ ಡಾಕ್ಟರಿಗೂ ಕೇಳಿಸಿತು. "ಮನುಷ್ಯರು ಗುಣ ಮಾಡಿದ್ರೆ ಗುರುತು ಉಳಿಯುದಿಲ್ವಾ? ಫಾದರಿಗೆ ಈಗಲೇ ಹೇಳ್ತೇನೆ!"

ಆಗಸ್ಟಿನಲ್ಲಿ ಫ್ರಿಜ್ ಕೆಟ್ಟಿತು.

ಬಹ್ರೇನಿನ ಆಗಸ್ಟಿನಲ್ಲಿ ಫ್ರಿಜ್ ಕೆಡುವುದೆಂದರೆ ಏನೆಂದು ಅಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಿಪೇರಿಗೆ ಬಂದವನು ಇಬ್ರಾಹಿಂ, ಉಳ್ಳಾಲದವನು, ಅರ್ಧ ಮನಾಮಾದ ಏಸಿ, ಫ್ರಿಜ್ಜುಗಳ ನಾಡಿ ಬಲ್ಲವನು. ರೂಬೆನ್ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು.

"ಫ್ರೀಜರ್ ಮುಟ್ಟಬ್ಯಾಡ್ರಿ."

"ಫ್ರೀಜರ್ ಮುಟ್ಟದೆ ಫ್ರೀಜರ್ ಹೇಗೆ ರಿಪೇರಿ ಮಾಡುದು ಮಾರಾಯ್ರೆ? ಮಂತ್ರ ಹಾಕ್ಲಿಕ್ಕೆ ಬಂದದ್ದಾ ನಾನು?"

"ಒಳಗ... ಹಂದಿ ಐತ್ರಿ."

ಇಬ್ರಾಹಿಂ ಎರಡು ಹೆಜ್ಜೆ ಹಿಂದೆ ಸರಿದ. "ಆಯ್ತು. ನೀವು ಕ್ರಿಶ್ಚನ್ನರು, ನಿಮ್ಮ ಊಟ ನಿಮಗೆ. ತಿಂದು ಖಾಲಿ ಮಾಡಿ, ತೊಳೆದು ಕರೆಯಿರಿ."

"ನಾನೂ ತಿನ್ನಂಗಿಲ್ರಿ."

"ಮತ್ತೆ ಯಾರಿಗೆ?"

"ಯಾರಿಗೂ ಅಲ್ಲ."

"ಎಷ್ಟುಂಟು?"

"ಎಂಟು ಕಿಲೋ."

ಇಬ್ರಾಹಿಂ ಸ್ಪಾನರನ್ನು ನೆಲದ ಮೇಲಿಟ್ಟು ಕುಳಿತೇಬಿಟ್ಟ. ಬೆವರು ಸುರಿಯುತ್ತಿದ್ದ ರೂಬೆನ್‌ಗೆ ಸುಳ್ಳು ಹುಡುಕುವುದು ನಿಜಕ್ಕಿಂತ ಭಾರವೆನಿಸಿತು. ನೆಲದ ಮೇಲೆ ಅವನ ಎದುರಿಗೇ ಕುಳಿತು ಹೇಳಿಬಿಟ್ಟರು. ಇಬ್ರಾಹಿಂ ಕೊನೆಯವರೆಗೂ ಕೇಳಿದ.

"ಹಂದಿ ಇಬ್ಬರಿಗೂ ಆಗುದಿಲ್ಲ," ಎಂದ ಅವನು. "ಆದ್ರೂ ಅದರ ಕಾವಲು ಕಾಯುದು ನಾವಿಬ್ಬರೇ. ನಿಮಗೆ ತಲೆ ಸರಿ ಉಂಟಾ? ನಿಮ್ಮ ಆಫೀಸಿನಲ್ಲಿ ಮಂಗಳೂರಿನ ಹುಡುಗರು ಯಾರೂ ಇಲ್ವಾ? ಬ್ಯಾಚುಲರ್?"

ಇದ್ದ. ಮೂರು ತಿಂಗಳ ಹಿಂದೆ ಬಂದ ಕ್ಲೈವ್, ರಿಫಾದಲ್ಲಿ ಇನ್ನೂ ಐವರ ಜೊತೆ ಕೋಣೆ ಮಾಡಿಕೊಂಡಿದ್ದವನು, ದಿನವೂ ಮೊಟ್ಟೆ ತಿಂದು ಬಡವಾಗಿದ್ದವನು. ಮರುದಿನ ಬೆಳಿಗ್ಗೆ ಎಂಟು ಕಿಲೋ ಹಂದಿ ಮಾಂಸ ಐಸ್ ತುಂಬಿದ ಪೆಟ್ಟಿಗೆ ಸೇರಿ, ಕಂಪನಿ ಬಸ್ಸಿನಲ್ಲಿ ಹಿದ್‌ಗೆ ಹೋಗಿ, ಸಂಜೆ ರಿಫಾ ಸೇರಿತು. ಕ್ಲೈವನ ನೆಂಟರಿಷ್ಟರು ಯಾರೆಂದು ವಿಚಾರಿಸುವ ತ್ರಾಣ ರೂಬೆನ್‌ಗೆ ಆವತ್ತು ಇರಲಿಲ್ಲ. ಇಬ್ರಾಹಿಂ ಬಂದು ಫ್ರಿಜ್ ಸರಿ ಮಾಡಿದ ರಾತ್ರಿ, ಎರಡು ತಿಂಗಳಲ್ಲಿ ಮೊದಲ ಬಾರಿಗೆ, ಅವರು ಐಸ್ ಹಾಕಿದ ನೀರು ಕುಡಿದು ಮಲಗಿದರು.

ಮೊಂತಿ ಹಬ್ಬ ಬಂತು. ಪೂಜೆ ಮುಗಿದು ಮಕ್ಕಳೆಲ್ಲ ಹೂ ಎರಚಿ, ಕಬ್ಬಿನ ತುಂಡು ಹಿಡಿದು ಸಭಾಂಗಣ ತುಂಬಿದ್ದರು. ರೂಬೆನರ ಜೇಬಿನಲ್ಲಿ ಫೆಲ್ಸಿ ಬರೆದುಕೊಟ್ಟ ಮೂರು ಪುಟದ ಸಾಕ್ಷಿ. ಅದರಲ್ಲಿ ಅವರಿಗೆ ಎರಡು ಸಲ ರಕ್ತ ವಾಂತಿಯಾಗಿತ್ತು, ಒಂದು ಸಲ ಡಾಕ್ಟರುಗಳು ಕೈಬಿಟ್ಟಿದ್ದರು. ಫಾದರ್ ಜಾರ್ಜ್ ಮೈಕಿನಲ್ಲಿ, "ಆರೋಗ್ಯ ಸುಧಾರಿಸಿದ ನಮ್ಮ ಪ್ರಾಟೆಸ್ಟೆಂಟ್ ಸಹೋದರ," ಎಂದು ಕರೆದರು. ರೂಬೆನ್ ಮೆಟ್ಟಿಲು ಹತ್ತಿ ತಿರುಗಿ ನೋಡಿದರು. ಮೊದಲ ಸಾಲಿನಲ್ಲಿ ಫೆಲ್ಸಿ, ರಾಫೆಲ್, ಫ್ಲೆನ್ಸಿ. ಫೆಲ್ಸಿಯ ಪಕ್ಕದಲ್ಲಿ, ನೆಂಟರ ಹುಡುಗನ ಸಲಿಗೆಯಿಂದ ಅವರ ಹೆಗಲ ಮೇಲೆ ಕೈ ಹಾಕಿಕೊಂಡು, ಮೈ ಕೈ ತುಂಬಿಕೊಂಡ ಕ್ಲೈವ್.

"ಆಂಟಿ!" ಎಂದ ಕ್ಲೈವ್. ಹಬ್ಬದ ಸಂತೋಷದಲ್ಲಿ ಅವನ ದನಿ ಹಿಂದಿನ ಸಾಲಿಗೂ ಕೇಳಿಸಿತು. "ಇವರೇ! ನಾನು ಹೇಳಿದ್ದಲ್ಲ, ಆಫೀಸಿನಲ್ಲಿ ಒಬ್ಬರು ಎಂಟು ಕಿಲೋ ಮಾಸ್ ಕೊಟ್ರು ಅಂತ, ಸೇಮ್ ನಮ್ಮ ಅಜ್ಜಿಯ ಮಸಾಲೆ ಅಂತ! ಇವರೇ ಆಂಟಿ!"

ಫೆಲ್ಸಿಯ ಮುಖದಲ್ಲಿ ಲೆಕ್ಕ ನಡೆಯಿತು. ಎರಡು, ಎರಡು, ಒಂದು, ಮೂರು.

"ರೂಬೆನ್‌ಬಾಬ್," ಎಂದರು ಅವರು ಕುಳಿತಲ್ಲಿಂದಲೇ. "ಹೊಟ್ಟೆ ಸರಿಯಾಗಿಲ್ವಾ?"

ಮುನ್ನೂರು ಜನ ಕಬ್ಬು ಅಗಿಯುವುದನ್ನು ನಿಲ್ಲಿಸಿದರು. ಸರಿಯಾಗಿಲ್ಲ ಎಂದರೆ ಫೆಲ್ಸಿ ಊರಿಗೆಲ್ಲ ಹೇಳಿದ್ದು ಸುಳ್ಳಾಗುತ್ತದೆ. ಸರಿಯಾಗಿದೆ ಎಂದರೆ ಎಂಟು ಕಿಲೋ ಯಾಕೆ ರಿಫಾಕ್ಕೆ ಹೋಯಿತು? ರೂಬೆನ್ ಮೂರು ಪುಟವನ್ನು ಮಡಚಿ ಜೇಬಿಗೆ ಹಾಕಿದರು.

"ಹೊಟ್ಟಿಗೆ ಏನೂ ಆಗಿಲ್ರಿ," ಎಂದರು ಮೈಕಿನಲ್ಲಿ. "ಯಾವತ್ತೂ ಆಗಿರಲಿಲ್ಲ. ನಾನು ಪ್ರಾಟೆಸ್ಟೆಂಟೂ ಅಲ್ಲ. ಯಹೂದಿ. ನಾವು ಹಂದಿ, ಸಿಗಡಿ ತಿನ್ನಂಗಿಲ್ಲ. ಅದನ್ನ ಹೇಳೋದು ಭಾಳ ಉದ್ದ ಆಗ್ತದಂತ ಹೊಟ್ಟಿ ಸರಿ ಇಲ್ಲ ಅಂದೆ. ಹೋದ ವರ್ಷ ಬಾಯಾರ ಮನ್ಯಾಗ ಅತ್ತಿದ್ದು ಖರೆ. ನಮ್ಮವ್ವ ಇದೇ ದಿನಮಾನದಾಗ ಹೊಸ ಅಕ್ಕಿ ಖೀರು ಮಾಡ್ತಿದ್ಲು. ಇಪ್ಪತ್ತೆರಡು ವರ್ಷ ಆದಮ್ಯಾಲೆ ಆ ರುಚಿ ಸಿಕ್ತು. ಅಷ್ಟರಿ. ತಪ್ಪಾತು."

ಹಿಂದಿನಿಂದ ಒಬ್ಬ ಮುದುಕಿ, "ಆಯ್ತು, ಆದ್ರೆ ಹೊಟ್ಟೆ ಗುಣ ಆದದ್ದು ಹೌದಾ ಅಲ್ವಾ?" ಎಂದು ಕೇಳಿದಳು. ಫಾದರ್ ಜಾರ್ಜ್ ಕನ್ನಡಕ ತೆಗೆದು ಒರೆಸತೊಡಗಿದರು. ಪವಾಡ ಎಂಬ ಶಬ್ದ ಬಳಸದೇ ಇದ್ದದ್ದಕ್ಕೆ ಅವರು ಒಳಗೊಳಗೇ ದೇವರಿಗೆ ಕೃತಜ್ಞತೆ ಹೇಳುತ್ತಿದ್ದಂತೆ ಕಂಡಿತು.

ಆಗ ರಾಫೆಲ್ ಎದ್ದು ನಿಂತರು. ಅವರು ಸಭೆಯಲ್ಲಿ ಎದ್ದು ನಿಂತದ್ದನ್ನು ಅವರ ಮದುವೆಯ ದಿನ ಬಿಟ್ಟರೆ ಯಾರೂ ಕಂಡಿರಲಿಲ್ಲ.

"ಫಾದರ್, ಇವತ್ತು ಯಾರ ಬರ್ತ್‌ಡೇ?"

"ಮರಿಯಮ್ಮನವರದ್ದು."

"ಅವರು ಯಾವ ಜನ?"

ಫಾದರ್ ಕನ್ನಡಕ ಹಾಕಿಕೊಂಡರು. "ಯಹೂದಿ."

"ಹಾಗಾದ್ರೆ ಈ ಹಾಲ್‌ನಲ್ಲಿ ಹುಡುಗಿ ಕಡೆಯವರು ಅಂತ ಇರುದು ಇವರೊಬ್ಬರೇ. ನಿಲ್ಲಿಸಿಯೇ ಮಾತಾಡ್ಸುದಾ? ಒಂದು ಕುರ್ಚಿ ಕೊಡಿ."

ನಗು ಎದ್ದಿತು, ಚಪ್ಪಾಳೆ ಬಿತ್ತು, ಕುರ್ಚಿಯೂ ಬಂತು. ರೂಬೆನ್ ಮಾತ್ರ ಅದನ್ನು ನೋಡಲಿಲ್ಲ. ಅವರು ನೋಡುತ್ತಿದ್ದದ್ದು ಮೊದಲ ಸಾಲನ್ನು. ಫೆಲ್ಸಿ ಕೈಚೀಲ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಹೊರಗೆ ಹೋಗಿಯಾಗಿತ್ತು.

ರೂಬೆನ್ ನಡೆದುಕೊಂಡೇ ಮನೆಗೆ ಬಂದರು. ಬಾಗಿಲು ಹಾಕಿ, ಮಂಚದ ಮೇಲೆ ಕುಳಿತು, ಒಂದು ಬೂಟು ಬಿಚ್ಚಿ ಅಲ್ಲಿಗೇ ನಿಲ್ಲಿಸಿದರು. ಕೆಳಗಿನ ಮನೆಯಿಂದ ಒಗ್ಗರಣೆಯ ಸದ್ದು, ಕುರ್ಚಿ ಎಳೆಯುವ ಸದ್ದು, ಪಾತ್ರೆಗಳನ್ನು ಬೇಕಾದದ್ದಕ್ಕಿಂತ ಜೋರಾಗಿ ಇಡುವ ಸದ್ದು. ಒಂದು ಗಂಟೆಯಾಯಿತು. ಈ ಹೊತ್ತಿಗೆ ಕಾಳು ಸುಲಿದಿರುತ್ತಾರೆ. ಈ ಹೊತ್ತಿಗೆ ಜಜ್ಜಿರುತ್ತಾರೆ. ಇಷ್ಟು ಹೊತ್ತಿಗೆ ಲೋಟಗಳು ಖಾಲಿಯಾಗಿರುತ್ತವೆ.

ಬಾಗಿಲು ಬಡಿಯಿತು. ರಾಫೆಲ್.

"ಎಂತ ಕೂತದ್ದು? ಎಲೆ ಹಾಕಿ ಆಗಿದೆ."

"ಬಾಯಾರು ಸಿಟ್ಟಿನ್ಯಾಗ ಇದ್ದಾರಲ್ರಿ?"

"ಬೆಂಕಿ ಆಗಿದ್ದಾಳೆ."

"ಮತ್ತ ನಾ ಬರೂದು ಹೆಂಗ?"

ರಾಫೆಲ್ ಆ ದಿನದ ಮಾತುಗಳನ್ನೆಲ್ಲ ಸಭಾಂಗಣದಲ್ಲೇ ಖರ್ಚು ಮಾಡಿ ಬಂದಿದ್ದರು. "ಹೊರಗಿನವರ ಮೇಲೆ ಫೆಲ್ಸಿ ಸಿಟ್ಟು ಮಾಡುದಿಲ್ಲ," ಎಂದರು. "ಇನ್ನೊಂದು ಬೂಟು ಸಹ ಬಿಚ್ಚಿ, ಬನ್ನಿ."

ಫೆಲ್ಸಿ ಮೇಜಿನ ತುದಿಯಲ್ಲಿ ತಟ್ಟೆಯಲ್ಲಿ ತೆನೆ ಇಟ್ಟುಕೊಂಡು ಉಗುರಿನಿಂದ ಕಾಳು ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಹತ್ತು ವರ್ಷ," ಎಂದರು. "ಹತ್ತು ವರ್ಷ ದಿನಾ ರಾತ್ರಿ ನಿಮ್ಮ ಹೊಟ್ಟೆಗೆ ಜಪ ಮಾಡಿದೇನೆ. ಜ್ವರ ಬಂದಾಗ ಸಹ ಬಿಡಲಿಲ್ಲ. ಅಷ್ಟು ಪ್ರಾರ್ಥನೆ ಈಗ ಎಲ್ಲಿಗೆ ಹೋಗುದು? ಯಾರ ಹೊಟ್ಟೆಗೆ ವರ್ಗ ಮಾಡುದು?"

"ನನ್ನದಕ್ಕೆ ಮಾಡು," ಎಂದರು ರಾಫೆಲ್. "ಗ್ಯಾಸ್ ಉಂಟು."

"ನೀವು ಸುಮ್ಮನಿರಿ! ಎಂಟು ಕಿಲೋ ರೂಬೆನ್‌ಬಾಬ್! ಒಂದು ಮಾತು, 'ನಮಗೆ ಆಗುದಿಲ್ಲ' ಅಂತ ಹೇಳಿದ್ರೆ ನಾನು ಕೋಳಿ ಮಾಡ್ತಿರಲಿಲ್ವಾ? ಕೋಳಿ ಆಗ್ತದಾ?"

"ಕೋಳಿ... ಅದಕ ಸ್ವಲ್ಪ ರೀತಿ ರಿವಾಜು ಐತ್ರಿ."

"ಅದಕ್ಕೂ ಉಂಟಾ!" ಫೆಲ್ಸಿ ಹಣೆಗೆ ಕೈ ಹೊಡೆದುಕೊಂಡರು. ಹಸಿ ಭತ್ತದ ಹೊಟ್ಟು ಹಣೆಗೆ ಅಂಟಿತು. ಫ್ಲೆನ್ಸಿ ಅದನ್ನು ತೆಗೆಯಲು ಹೋದಳು. ಅವಳ ಕೈಗೂ ಒಂದು ಏಟು ಬಿತ್ತು. ಕ್ಲೈವ್ ಯಾರ ಕಣ್ಣಿಗೂ ಬೀಳದಂತೆ ಎಲೆಗಳಿಗೆ ನೀರು ಚಿಮುಕಿಸುತ್ತಿದ್ದ.

ಆಮೇಲೆ ಫೆಲ್ಸಿ ತಲೆ ಎತ್ತದೆಯೇ ಕೇಳಿದರು, "ನಿಮ್ಮ ತಾಯಿ ತೆಂಗಿನ ಹಾಲಿಗೆ ಬೆಲ್ಲ ಹಾಕ್ತಿದ್ರಾ?"

"ಹಾಕ್ತಿದ್ಲು. ಒಂದೀಟು ಏಲಕ್ಕಿ."

"ಯಾವತ್ತು ನಿಮ್ಮ ಹಬ್ಬ?"

"ಇನ್ನೊಂದು ವಾರ ದಾಟಿದಮ್ಯಾಲ್ರಿ. ಈಗ 'ಇತ್ತು' ಅನಬೇಕು. ಯಾರೂ ಮಾಡಂಗಿಲ್ಲ."

ಫೆಲ್ಸಿ ತಟ್ಟೆಯಲ್ಲಿದ್ದ ತೆನೆಗಳಲ್ಲಿ ಎರಡನ್ನು ಬೇರೆ ತೆಗೆದರು. ಕಪಾಟಿನಿಂದ ಎರಡು ಲಕೋಟೆ ತಂದರು. ಒಂದರ ಮೇಲೆ ಜೆರಿಯ ಮಸ್ಕತ್ತಿನ ವಿಳಾಸ ಮೊದಲೇ ಬರೆದಿತ್ತು. ಇನ್ನೊಂದಕ್ಕೆ ತೆನೆ ಹಾಕಿ, ಅಂಟಿಸಿ, ಮೇಲೆ ಬರೆದು ರೂಬೆನರ ಮುಂದೆ ತಳ್ಳಿದರು. ರೂಬೆನ್ ಪೊಯ್ನಾಡ್ಕರ್, ಮೂರನೇ ಮಹಡಿ, ಬಹ್ರೇನ್.

"ನಿಮ್ಮ ಖೀರಿನ ದಿನಕ್ಕೆ. ನಾನು ಬಂದು ಮಾಡ್ತೇನೆ, ನಿಮಗೆ ಬರುದಿಲ್ಲ. ಆ ದಿನ ಎಂತ ತಿನ್ಬಹುದು, ಎಂತ ತಿನ್ಬಾರದು, ಈಗಲೇ ಹೇಳಿ. ಎಲ್ಲ ಹೇಳಿ. ನೀವು ಯಾರು, ಎಲ್ಲಿಂದ ಬಂದದ್ದು, ಎಲ್ಲ."

"ಉದ್ದ ಐತ್ರಿ."

"ಊಟ ತಣ್ಣಗಾದ್ರೆ ಬಿಸಿ ಮಾಡ್ತೇನೆ."

ರೂಬೆನ್ ದೊಡ್ಡದೊಂದು ಉಸಿರು ಬಿಟ್ಟರು. ಬೆಳಿಗ್ಗೆಯಿಂದ ನಿಂತು ಕಾಲು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು. ಆದರೂ ಶುರು ಮಾಡಿದರು. ಕೊಂಕಣದ ದಂಡೆ, ಒಡೆದ ಹಡಗು, ಎಣ್ಣೆಯ ಗಾಣ, ಶನಿವಾರ, ಅಜ್ಜ, ಹುಬ್ಬಳ್ಳಿ, ಮೂರು ಮನೆ, ಅವ್ವನ ಖೀರು. ಫ್ಲೆನ್ಸಿ ಗಡಿಯಾರ ನೋಡಿದಳು. ಸರಿಯಾಗಿ ಇಪ್ಪತ್ತು ನಿಮಿಷ. ಫೆಲ್ಸಿ ಒಂದು ಸಲವೂ ಬಾಯಿ ಹಾಕದೆ, ಕಾಳು ಜಜ್ಜುತ್ತಾ, ಹಾಲಿಗೆ ಬೆರೆಸುತ್ತಾ ಕೇಳಿದರು. ಕೇಳಿ ಮುಗಿದ ಮೇಲೆ ಲೋಟಗಳಿಗೆ ಸುರಿದು, ಮನಸ್ಸಿನಲ್ಲೇ ಎಲ್ಲವನ್ನೂ ಜೋಡಿಸಿ ನೋಡಿ, ನಿರಾಳವಾಗಿ ತಲೆಯಾಡಿಸಿದರು.

"ಅಂದ್ರೆ," ಎಂದರು, "ಒಂದು ನಮೂನೆ ಪ್ರಾಟೆಸ್ಟೆಂಟೇ."

ರೂಬೆನ್ ಪೊಯ್ನಾಡ್ಕರರು ಬಾಯಿ ತೆರೆದರು. ರಾಫೆಲ್ ಬೇಡವೆಂದು ಕಣ್ಣಿನಲ್ಲೇ ಹೇಳಿದರು. ಮೇಜಿನ ಮೇಲೆ ಒಂಬತ್ತು ತರಕಾರಿ ತಣ್ಣಗಾಗುತ್ತಿದ್ದವು.

"ಹೌದ್ರಿ ಬಾಯಾರ," ಎಂದು ಅವರು ಕೈ ಚಾಚಿದರು. "ಒಂದು ನಮೂನಿ. ಲೋಟ ಕೊಡ್ರಿ."